ಎಡಗೈಯಲ್ಲಿ ಹೊಲಿಯುತ್ತಿದ್ದ ಹೆಂಗಸು

ಜೂನ್ 3, ಸೋಮವಾರ

ಈ ವಾರದ ಕಥೆಯನ್ನು ಮೊದಲು ಹೇಳಿದವನು ನಮ್ಮ ಕಾರ್ಖಾನೆಯಲ್ಲಿ ಹತ್ತಿ ಹಿಂಜುವ ತಾತ. ಹೇಳಿದ್ದು ಕಳೆದ ಬುಧವಾರ ಮಧ್ಯಾಹ್ನ, ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಾ, ಮೂಗಿನ ತುದಿಗೆ ಅಂಟಿದ ಹತ್ತಿಯ ಎಳೆಯನ್ನು ಊದಿ ಹಾರಿಸುತ್ತಾ. ತನ್ನ ನಿದ್ದೆಯನ್ನು ಭಾವಮೈದುನನಿಗೆ ಎರವಲು ಕೊಟ್ಟು, ವಾಪಸ್ಸು ಕೇಳಲು ನಾಚಿಕೆಯಾಗಿ ವರ್ಷವಿಡೀ ಎಚ್ಚರವಾಗಿಯೇ ಉಳಿದ ಒಬ್ಬನ ಕಥೆ. ಕೇಳಿದವರು ಹೊಲಿಗೆ ಕೋಣೆಯ ಹೆಂಗಸರಿಬ್ಬರು. ಮರುದಿನ ಬೆಳಿಗ್ಗೆ ಇಬ್ಬರೂ ತಂತಮ್ಮ ಗಂಡಂದಿರನ್ನು ಎಬ್ಬಿಸದೆ ಕೆಲಸಕ್ಕೆ ಬಂದರಂತೆ. ‘ಮಲಗಿರ್ಲಿ ಪಾಪ, ಯಾರ್ದೋ ನಿದ್ದೆ ಇರಬಹುದು’ ಅಂತ.

ಏಳು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. ನಮ್ಮದು ಹಾಸಿಗೆ, ದಿಂಬು, ಹೊದಿಕೆ ಮಾಡುವ ಕಾರ್ಖಾನೆ. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆಗಳು. ಪ್ರತಿ ದಿಂಬಿನ ಜೊತೆ ಒಂದು ಚೀಟಿಯಲ್ಲಿ ‘ದಿಂಬಿನ ಕಥೆ’ ಇಡಬೇಕೆನ್ನುವುದು ದೊಡ್ಡ ಯಜಮಾನರ ಆಸೆ, ಬರೆಯುವುದು ನನ್ನ ಕೆಲಸ. ಈಗ ಅದೇ ಕಥೆ ವಾರಕ್ಕೊಮ್ಮೆ ಹನ್ನೊಂದು ಸಾವಿರ ಗಿರಾಕಿಗಳ ಫೋನಿಗೂ ಹೋಗುತ್ತದೆ. ನನ್ನ ಅಜ್ಜಿ ಕಥೆ ಹೇಳುತ್ತಿದ್ದ ಕ್ರಮವನ್ನು ನಾನು ಬಿಟ್ಟಿಲ್ಲ. ಮೊದಲು, ಇದನ್ನು ಯಾರು ಹೇಳಿದರು, ಯಾವಾಗ. ಕೊನೆಗೆ, ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು. ಹೇಳಿದವರ ಗುರುತಿಲ್ಲದ ಕಥೆಯನ್ನು ಅಜ್ಜಿ ‘ಬೀದೀಲಿ ಬಿದ್ದು ಸಿಕ್ಕಿದ್ದು’ ಅನ್ನುತ್ತಿದ್ದಳು, ಮುಟ್ಟುತ್ತಿರಲಿಲ್ಲ. ನಾನೂ ಅಷ್ಟೆ. ತಾತ, ಹೊಲಿಗೆಯವರು, ವ್ಯಾನಿನ ಚಾಲಕ, ಇವರ ಜೊತೆ ಊಟಕ್ಕೆ ಕೂತು ಕೇಳಿ ಬರೆದುಕೊಳ್ಳುತ್ತೇನೆ. ಇಲ್ಲಿ ಎಲ್ಲರೂ ನನ್ನನ್ನು ಕಥೆ ಅಕ್ಕ ಅನ್ನುತ್ತಾರೆ.

ಇವತ್ತು ಸೊಸೆ ಮೇಡಂ ಕರೆದರು. ಯಜಮಾನರ ಸೊಸೆ, ಎರಡು ತಿಂಗಳಿಂದ ಮಾರಾಟವೆಲ್ಲ ಇವರದೇ ಉಸ್ತುವಾರಿ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

“ಅಕ್ಕ, ಇದು ಎಐ. ಇನ್ಮೇಲೆ ನಿಮಗೆ ಕೈನೋವೇ ಇಲ್ಲ. ನಿಮ್ಮ ಮುನ್ನೂರ ನಲವತ್ತು ಕಥೇನೂ ಇದಕ್ಕೆ ಓದಿಸಿಬಿಟ್ಟಿದ್ದೀನಿ.”

“ನನ್ನನ್ನ ಒಂದು ಮಾತು ಕೇಳದೇನೇ?”

“ನಮ್ಮ ಕಂಪನಿ ಕಥೆಗಳೇ ಅಲ್ವಾ ಅಕ್ಕ?”

ನಗುತ್ತಲೇ ಅಂದರು. ಆ ನಗು ನನಗೆ ಸರಿ ಬರಲಿಲ್ಲ. ಕೈನೋವಿಲ್ಲ ಅಂದರೆ ಆಮೇಲೆ ಕೈಯೂ ಬೇಡ ಅಂತಲೇ?

ಜೂನ್ 5, ಬುಧವಾರ

ಆ ಎಐಗೆ ಮೊದಲ ಪರೀಕ್ಷೆ. ‘ದಿಂಬಿನ ಮೇಲೆ ಒಂದು ಕಥೆ’ ಅಂತ ಸೊಸೆ ಮೇಡಂ ಬೆರಳಾಡಿಸಿದರು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕಥೆ ಸಿದ್ಧ. ‘ಇದನ್ನು ಮೊದಲು ಹೇಳಿದವಳು ಹೊಳೆಯ ದಂಡೆಯಲ್ಲಿ ಉಣ್ಣೆ ತೊಳೆಯುತ್ತಿದ್ದ ಒಬ್ಬ ಮುದುಕಿ, ಅರವತ್ತು ವರ್ಷದ ಹಿಂದೆ’ ಅಂತ ಶುರು.

“ಯಾರು ಈ ಮುದುಕಿ?” ಅಂದೆ.

“ಯಾರೂ ಅಲ್ಲ ಅಕ್ಕ. ಅದು ನಿಮ್ಮ ಸ್ಟೈಲ್.”

“ಸ್ಟೈಲ್ ಅಲ್ಲ ಮೇಡಂ, ಅದು ಸಾಕ್ಷಿ.”

“ಗಿರಾಕಿಗೆ ವ್ಯತ್ಯಾಸ ಗೊತ್ತಾಗುತ್ತಾ, ಹೇಳಿ?”

ನನಗೆ ಗೊತ್ತಾಗುತ್ತಲ್ಲ! ಮುದುಕಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ಮೇಡಂ ಕೋಪಿಸಿಕೊಳ್ಳಲಿಲ್ಲ. ಅದೇ ಅನುಮಾನ. ಕೋಪ ಬರಬೇಕಾದ ಕಡೆ ಕೋಪ ಬರದಿದ್ದರೆ ಒಳಗೆ ಇನ್ನೇನೋ ಲೆಕ್ಕಾಚಾರ ಇರುತ್ತದೆ.

ತಾತನಿಗೆ ಹೇಳಿದೆ. “ಕೇಳದೇ ಇದ್ರೂ ಹೇಳ್ತದೆ, ಗೊತ್ತಿಲ್ಲದೇ ಇದ್ರೂ ಹೇಳ್ತದೆ. ಬಾಯಿಬಡಕ ಅಂತ ಹೆಸರಿಡು” ಅಂದ. ಹೊಲಿಗೆಯವರು ಸೂಜಿ ಕೆಳಗಿಟ್ಟು ನಕ್ಕರು. ಹೆಸರು ನಿಂತಿತು.

ಜೂನ್ 12, ಬುಧವಾರ

ಈಗ ವಾರಕ್ಕೆ ಒಂದಲ್ಲ, ನಾಲ್ಕು ಕಥೆ. ಅದರ ಮೇಲೆ ಅಂಗಡಿ ಬಾಗಿಲ ಬೋರ್ಡಿಗೆ ದಿನಕ್ಕೊಂದು ಸಾಲು, ಫೋಟೋ ಕೆಳಗಿನ ಬರಹ, ಗಿರಾಕಿಗಳಿಗೆ ಉತ್ತರ. ಬಾಯಿಬಡಕ ಬರೆಯುತ್ತದೆ, ನಾನು ಓದಿ ‘ಒಪ್ಪಿಗೆ’ ಒತ್ತಬೇಕು. ಅದು ಹುಟ್ಟಿಸಿದ ಹೇಳುವವರನ್ನೆಲ್ಲ ಕೂತು ಹೊಡೆಯುತ್ತೇನೆ. ಇವತ್ತು ಒಬ್ಬ ಕುರುಡ ಬಡಗಿ, ಒಬ್ಬಳು ಸೂಲಗಿತ್ತಿ, ಒಬ್ಬ ಸೈನಿಕ ಸತ್ತರು ನನ್ನ ಕೈಯಲ್ಲಿ.

ರಾತ್ರಿ ಮನೆಯಲ್ಲಿ ಇವರಿಗೆ ಒಂದು ಕಥೆ ಓದಿ ಹೇಳಿದೆ, ಬಾಯಿಬಡಕ ಬರೆದದ್ದೇ, ಹಾಗಂತ ತಿಳಿಸದೆ. ನಮ್ಮವರು ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ನಾನೇ ಓದಿ ಹೇಳಬೇಕು.

“ಚೆನ್ನಾಗಿದೆ” ಅಂದರು.

“ಎಷ್ಟು ಚೆನ್ನಾಗಿದೆ?”

“ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಅದನ್ನೇನು ಮೊಳ ಹಾಕಿ ಅಳೀಲಾ?”

ನನ್ನ ಕಥೆಗಳಿಗೆ ಯಾವತ್ತೂ ಇಷ್ಟು ಬೇಗ ‘ಚೆನ್ನಾಗಿದೆ’ ಅಂದವರಲ್ಲ. ಸೊಸೆ ಮೇಡಂ ಇವರಿಗೂ ಫೋನ್ ಮಾಡಿದ್ದಾರೋ ಹೇಗೆ?

ಜೂನ್ 28, ಶುಕ್ರವಾರ

ದಿಂಬು ಒಗೆಯಬಹುದೇ ಎಂದು ಕೇಳಿದ ಮೂವತ್ತೊಂದು ಜನರಿಗೆ ಬಾಯಿಬಡಕ ಉತ್ತರ ಕೊಟ್ಟ. ಅಂಥ ಉತ್ತರಗಳಿಗೆ ಅವನೇ ಸಾಕು, ಅದರಲ್ಲಿ ಮೋಸವೇನಿಲ್ಲ. ಕಥೆಯ ಮೇಲೆ ಮಾತ್ರ ಕಣ್ಣಿಟ್ಟಿದ್ದೇನೆ.

ಮಧ್ಯಾಹ್ನ ಹಿಂದಿನ ಕೋಣೆಗೆ ಹೋಗಲಾಗಲಿಲ್ಲ. ಮೇಜಿನ ಮುಂದೆಯೇ ಊಟ. ತಾತ ಬಾಗಿಲಲ್ಲಿ ಬಂದು ಒಂದು ನಿಮಿಷ ನಿಂತು ಹೋದ. ಯಾಕೆ ನಿಂತಿದ್ದ? ನನ್ನ ಪರದೆಯ ಮೇಲೆ ಏನಿದೆ ಅಂತ ನೋಡಲು ಯಾರಾದರೂ ಕಳಿಸಿದ್ದರೇ?

ಜುಲೈ 9, ಮಂಗಳವಾರ

ಇವರ ಕಣ್ಣಿನ ಆಪರೇಷನ್. ಹೆದರಿದ್ದೆವು, ಸುಸೂತ್ರವಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಫೋನಿನಲ್ಲಿ ನಾಲ್ಕು ಕಥೆ ಬಂದವು. ನಾಲ್ಕಕ್ಕೂ ಒಪ್ಪಿಗೆ ಒತ್ತಿದೆ. ನರ್ಸ್ ಕರೆದರು.

ಜುಲೈ 15, ಸೋಮವಾರ

ಇವತ್ತಿನ ಮುಖ್ಯ ಅಂಶಗಳು. ಇವರ ಕಣ್ಣು ವಾಸಿಯಾಗುತ್ತಿದೆ. ಕೆಲಸ ಸುಗಮವಾಗಿದೆ. ತಾತ ಎದುರಿಗೆ ಸಿಕ್ಕ, ಮಾತಿಗೆ ಸಮಯವಾಗಲಿಲ್ಲ. ಒಟ್ಟಾರೆಯಾಗಿ ಇದು ಒಂದು ಉತ್ತಮ ದಿನವಾಗಿತ್ತು.

ಬರೆದದ್ದನ್ನು ಓದಿ ನೋಡಿದೆ. ಚೊಕ್ಕವಾಗಿದೆ.

ಜುಲೈ 22, ಸೋಮವಾರ

ಒಂದು ಪತ್ರ ಬಂದಿದೆ, ಇಮೇಲಿನಲ್ಲಿ. ಅದನ್ನು ಇಲ್ಲಿ ಹಾಗೇ ಇಳಿಸುತ್ತೇನೆ, ಆಮೇಲೆ ಯಾರಾದರೂ ಇಲ್ಲವೆಂದರೆ ನನ್ನ ಹತ್ತಿರ ಇರಲಿ.

‘ದಿಂಬಿನ ಕಥೆ ಬರೆಯುವವರಿಗೆ ನಮಸ್ಕಾರ. ನಾನೊಬ್ಬಳು ಬಸ್ ಕಂಡಕ್ಟರ್. ಹೋದ ವಾರ ನೀವು ಕಳಿಸಿದ ಕಥೆಯನ್ನು, ಮೂವತ್ತೈದು ವರ್ಷದ ಹಿಂದೆ ನಿಮ್ಮ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಎಡಗೈಯಲ್ಲಿ ಹೊಲಿಯುತ್ತಿದ್ದ ಹೆಂಗಸು ಹೇಳಿದ್ದು ಎಂದು ಬರೆದಿದ್ದೀರಿ. ಆಕೆ ನನ್ನ ತಾಯಿ. ನನಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡರು. ಮನೆಯಲ್ಲಿ ಅವರು ಹೆಚ್ಚು ಮಾತಾಡಿದ್ದು ನೆನಪಿಲ್ಲ. ಕಥೆ ಹೇಳುತ್ತಿದ್ದರೆಂದು ಗೊತ್ತೇ ಇರಲಿಲ್ಲ. ಇನ್ನೇನಾದರೂ ಹೇಳಿದ್ದರೆ ದಯವಿಟ್ಟು ಕಳಿಸಿ.’

ಯಾವ ಕಥೆ ಅಂತ ತೆಗೆದು ನೋಡಿದೆ. ಕಣ್ಣಾಸ್ಪತ್ರೆಯ ದಿನ ಒಪ್ಪಿದ್ದು. ಹೌದು, ನಾನೇ ಒಪ್ಪಿದ್ದು. ಓದದೆ ಒಪ್ಪಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಮೇಲಿನಿಂದ ಓದಿದ್ದೆ.

ಆದರೆ ಈ ಪತ್ರ! ಒಂದು ಅಕ್ಷರ ತಪ್ಪಿಲ್ಲ. ಇಡೀ ದಿನ ಕಂಬಿ ಹಿಡಿದು ನೇತಾಡುತ್ತಾ ಟಿಕೆಟ್ ಕೊಡುವವಳು ಇಷ್ಟು ನೆಟ್ಟಗೆ ಬರೆಯುತ್ತಾಳಾ? ಅದೂ ನಾನು ಒಂದೇ ಒಂದು ದಿನ ಕಣ್ತಪ್ಪಿದ ಕಥೆಗೇ ಸರಿಯಾಗಿ? ಸೊಸೆ ಮೇಡಂ ಬಾಯಿಬಡಕನ ಕೈಲಿ ಬರೆಸಿ, ಈ ಕಥೆ ಅಕ್ಕ ಏನು ಮಾಡ್ತಾಳೆ ನೋಡೋಣ ಅಂತ ಕಳಿಸಿರಬೇಕು. ನನ್ನನ್ನು ತೆಗೆಯಲು ಒಂದು ನೆಪ ಬೇಕಲ್ಲ.

ಯಾರನ್ನು ಕೇಳುವುದು? ಬಾಯಿಬಡಕನನ್ನೇ ಕೇಳಿದೆ. ಈ ಪತ್ರ ಮನುಷ್ಯರು ಬರೆದದ್ದೋ, ಯಂತ್ರವೋ? ‘ವಾಕ್ಯಗಳ ಸಮತೋಲನ ಗಮನಿಸಿದರೆ ಯಂತ್ರದ್ದಾಗಿರುವ ಸಾಧ್ಯತೆ ಹೆಚ್ಚು’ ಅಂದ.

ನಾನು ಅಂದುಕೊಂಡದ್ದೇ ಸರಿ.

ಜುಲೈ 24, ಬುಧವಾರ

ಯಂತ್ರದ ಪತ್ರಕ್ಕೆ ಯಂತ್ರವೇ ಉತ್ತರ ಕೊಡಲಿ. ಬಾಯಿಬಡಕನಿಗೆ ಬಿಟ್ಟೆ. ಎರಡು ಪುಟ ಬರೆದ. ಆ ತಾಯಿ ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿಯುತ್ತಾ ಎಲ್ಲರಿಗೂ ಕಥೆ ಹೇಳುತ್ತಿದ್ದಳಂತೆ, ಊಟದ ಹೊತ್ತಿಗೆ ಬರುತ್ತಿದ್ದ ಕೆಲಸಗಾರರ ಮಕ್ಕಳನ್ನು ಸುತ್ತ ಕೂರಿಸಿಕೊಳ್ಳುತ್ತಿದ್ದಳಂತೆ. ಇನ್ನೊಂದು ಕಥೆಯನ್ನೂ ಸೇರಿಸಿದ. ಕಳಿಸಿದೆ.

ಸೊಸೆ ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. ಬಹಳ ಪಕ್ಕಾ ಇದ್ದಾರೆ.

ಆಗಸ್ಟ್ 1, ಗುರುವಾರ

ಮತ್ತೆ ಪತ್ರ, ಮತ್ತೆ ಉತ್ತರ. ಈಗ ಒಟ್ಟು ನಾಲ್ಕು ಕಥೆ ಆ ‘ತಾಯಿ’ಯ ಹೆಸರಿನಲ್ಲಿ. ಈ ಆಟದಲ್ಲಿ ಯಾರು ಮೊದಲು ಸುಸ್ತಾಗುತ್ತಾರೋ ನೋಡೇಬಿಡೋಣ.

ಇವರಿಗೆ ಈಗ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ನನ್ನ ಮುಖವನ್ನು ಎರಡು ನಿಮಿಷ ನೋಡಿದರು. “ಏನು?” ಅಂದೆ. “ಏನಿಲ್ಲ, ನೀನು ಹಾಲಿನವನನ್ನೂ ಗುರಾಯಿಸ್ತೀಯ ಈಗ” ಅಂದರು.

ಆಗಸ್ಟ್ 7, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಮುಂದಿನ ಕೌಂಟರಿನಿಂದ ಕರೆ ಬಂತು, ಯಾರೋ ಕಥೆ ಬರೆಯುವವರನ್ನು ಕೇಳುತ್ತಿದ್ದಾರೆ ಅಂತ. ಹೋದೆ. ಸಮವಸ್ತ್ರದ ಹೆಂಗಸು, ನಲವತ್ತರ ಮೇಲೆ. ಎಡ ಹೆಗಲಿನಲ್ಲಿ ಚೀಲದ ಪಟ್ಟಿ ಉಜ್ಜಿ ಉಜ್ಜಿ ಬಟ್ಟೆಯ ಬಣ್ಣ ಹೋಗಿದೆ. ಆಗಲೂ ನನ್ನ ತಲೆ ಏನಂದಿತು ಗೊತ್ತೇ? ‘ವೇಷ ಚೆನ್ನಾಗಿ ಹಾಕಿಸಿದ್ದಾರೆ.’

“ನೀವೇನಾ ಅಕ್ಕ ಪತ್ರ ಬರೀತಿದ್ದೋರು?” ಅಂದಳು. “ನಮ್ಮ ಡಿಪೋ ಗುಮಾಸ್ತರ ಹತ್ರ ತಿದ್ದಿಸಿ ತಿದ್ದಿಸಿ ಬರೀತಿದ್ದೆ. ನಿಮ್ಮಂಥೋರಿಗೆ ತಪ್ಪು ತಪ್ಪಾಗಿ ಬರೆಯೋದು ಹೇಗೆ ಅಂತ.”

ಅವಳು ಪರ್ಸಿನಿಂದ ಒಂದು ಹಳೆಯ ಫೋಟೋ ತೆಗೆದಳು. ನಮ್ಮ ಹಿಂದಿನ ಕೋಣೆಯೇ, ಅದೇ ಕಲ್ಲಿನ ಗೋಡೆ. ಐದಾರು ಹೆಂಗಸರು ಸಾಲಾಗಿ ಕೂತಿದ್ದಾರೆ. ಕೊನೆಯವಳ ಎಡಗೈಯಲ್ಲಿ ಕತ್ತರಿ. ಕ್ಯಾಮೆರಾವನ್ನು ಬೈಯುವಂತೆ ನೋಡುತ್ತಿದ್ದಾಳೆ.

“ಇವರೇ” ಅಂದಳು.

ಕೂತೆ. ಅವಳಿಗೂ ಕುರ್ಚಿ ಕೊಟ್ಟೆ.

“ನೀವು ಕಳಿಸಿದ್ದನ್ನೆಲ್ಲ ಪ್ರಿಂಟ್ ಮಾಡಿಸಿ ಇಟ್ಟಿದ್ದೀನಿ ಅಕ್ಕ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಬಸ್ಸಲ್ಲಿ ಚಿಲ್ಲರೆ ಇಲ್ದೇ ಇರೋರ್ನೂ ಬೈಲಿಲ್ಲ ಒಂದು ವಾರ. ಆದ್ರೆ ನಮ್ಮಣ್ಣ...” ಅಂತ ನಿಲ್ಲಿಸಿದಳು.

ಅವಳ ಅಣ್ಣ ವೆಲ್ಡಿಂಗ್ ಕೆಲಸದವನು. ಅಮ್ಮ ಹೋದಾಗ ಅವನಿಗೆ ಹದಿಮೂರು. ಕಥೆಗಳನ್ನು ಓದಿಸಿದ ದಿನದಿಂದ ಅವನು ತಂಗಿಯ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲವಂತೆ, ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಾನಂತೆ. ‘ಯಾರ್ಯಾರದೋ ಮಕ್ಕಳನ್ನ ಸುತ್ತ ಕೂರಿಸ್ಕೊಂಡು ಕಥೆ ಹೇಳ್ತಿದ್ಲಾ? ನಮಗೆ ಒಂದು ಮಾತಿಗೂ ಬರ ಇತ್ತಲ್ಲ ಮನೇಲಿ? ನಾವೇನು ತಪ್ಪು ಮಾಡಿದ್ವಿ?’ ಅಂದನಂತೆ. ಐವತ್ತಕ್ಕೆ ಹತ್ತಿರವಾದ ಗಂಡಸು ಹಾಗೆ ಕೇಳಿ ಅತ್ತನಂತೆ.

“ಹದಿನೆಂಟಕ್ಕೆ, ಭಾನುವಾರ, ನಾವೆಲ್ಲ ಸೇರ್ತೀವಿ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮನೂ ಬರ್ತಾರೆ. ನೀವು ಬಂದು ಒಂದೇ ಒಂದು ಕಥೆ ಹೇಳಿ ಅಕ್ಕ. ನಮ್ಮನ್ನ ನೆನೆಸ್ಕೊಂಡು ಅಮ್ಮ ಹೇಳಿದ್ದು ಅಂತ ಯಾವ್ದಾದ್ರೂ ಒಂದು ಇರುತ್ತಲ್ಲ? ಇದ್ದೇ ಇರುತ್ತೆ. ಅದನ್ನ ನಮ್ಮಣ್ಣನ ಮುಂದೆ ಹೇಳಿಬಿಡಿ, ಸಾಕು.”

ಆಗಲೇ ಬಾಯಿ ಬಿಡಬೇಕಿತ್ತು. “ಬರ್ತೀನಮ್ಮ” ಅಂದೆ. ಇಷ್ಟೇ ಬಂತು.

ಆಗಸ್ಟ್ 8, ಗುರುವಾರ

ಎಲ್ಲರ ಮೇಲೂ ಅನುಮಾನ ಪಟ್ಟೆ. ಪಡಬೇಕಾದ ಒಂದು ಪತ್ರವನ್ನು ಬಿಟ್ಟು. ಬಾಯಿಬಡಕ ಬರೆದದ್ದು, ನನ್ನ ಸಹಿ ಇದ್ದದ್ದು.

ಸೊಸೆ ಮೇಡಂಗೆ ಪೂರ್ತಿ ಹೇಳಿದೆ. ಅವರಿಗೆ ಈ ಪತ್ರಗಳ ಗಂಧವೂ ಇರಲಿಲ್ಲ. ನಾನು ಅವರ ಮುಖದಲ್ಲಿ ಓದಿದ ಸಂಚೆಲ್ಲ ನಾನೇ ಬರೆದುಕೊಂಡದ್ದು. ಪೆನ್ನಿನ ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಟ್ಟರು.

“ಅಕ್ಕ, ಯಾರಿಗೂ ನಷ್ಟ ಇಲ್ವಲ್ಲ? ಇನ್ನೊಂದು ಕಥೆ ಕೇಳ್ತಿದ್ದಾರೆ, ಅಷ್ಟೇ ತಾನೆ. ಹೋಗಿ ಹೇಳಿ ಬನ್ನಿ. ಅಣ್ಣಂಗೂ ಸಮಾಧಾನ. ಒಂದು ಚಿಕ್ಕ ವಿಡಿಯೋ ತಗೊಂಡ್ರೆ ನಮಗೂ ಒಳ್ಳೇದು.”

“ಆ ತಾಯಿ ಹೇಳದೇ ಇರೋ ಮಾತನ್ನ ಅವರ ಮಗನಿಗೆ ಹೇಳಲಾ ಮೇಡಂ?”

“ಸುಳ್ಳು ಅಂತ ಹೇಳಿದ್ರೆ ಏನಾಗುತ್ತೆ ಯೋಚಿಸಿದ್ದೀರಾ? ಹನ್ನೊಂದು ಸಾವಿರ ಜನ. ಎಲ್ಲಾ ಕಥೇನೂ ಸುಳ್ಳು ಅಂದ್ಕೋತಾರೆ. ನಿಮ್ಮವೂ ಸೇರಿ.”

ಅದು ಸತ್ಯ. ಏಳು ವರ್ಷದ ನನ್ನ ಮುನ್ನೂರ ನಲವತ್ತು ಸಾಕ್ಷಿಗಳೂ ಅದರ ಜೊತೆಗೇ ನೀರುಪಾಲು. ಹೇಳದಿದ್ದರೆ ಆ ಅಣ್ಣ ನನ್ನ ಬಾಯಿಂದ ಹೊಸ ಅಮ್ಮನನ್ನು ಪಡೆಯುತ್ತಾನೆ, ಇದ್ದ ಒಬ್ಬಳನ್ನು ಕಳೆದುಕೊಳ್ಳುತ್ತಾನೆ.

ಮಧ್ಯಾಹ್ನ ಹಿಂದಿನ ಕೋಣೆಗೆ ಹೋದೆ. ತಾತ ಡಬ್ಬಿಯಿಂದ ತಲೆ ಎತ್ತಲಿಲ್ಲ. “ಬಂದ್ಯಾ? ನಾನು ಸತ್ತಿದ್ರೂ ನಿನಗೆ ಆ ಬಾಯಿಬಡಕನೇ ಸುದ್ದಿ ಹೇಳಬೇಕಿತ್ತು.” ಎಡಗೈಯ ಹೆಂಗಸು ಗೊತ್ತಾ ಅಂತ ಕೇಳಿದೆ. ಅವನು ಕೆಲಸಕ್ಕೆ ಸೇರುವ ಹೊತ್ತಿಗೆ ಅವಳು ಇರಲಿಲ್ಲವಂತೆ. ಯಾರಿಗೂ ಗೊತ್ತಿಲ್ಲ. ಕೇಳುವುದಿದ್ದರೆ ಇಪ್ಪತ್ತು ವರ್ಷದ ಹಿಂದೆ ಕೇಳಬೇಕಿತ್ತು ಅಂದ. ಆಮೇಲೆ ತನ್ನ ಪಾಲಿನಲ್ಲಿ ಅರ್ಧ ನನಗೆ ತಳ್ಳಿದ.

ಆಗಸ್ಟ್ 14, ಬುಧವಾರ

ಒಂದು ಕಥೆ ಕಟ್ಟಿ ನೋಡಿದೆ. ನಾನೇ, ಕೈಯಲ್ಲೇ. ಅಮ್ಮ ಮಕ್ಕಳನ್ನು ನೆನೆಸಿಕೊಂಡು ಹೇಳಿದ ಕಥೆ. ಬಹಳ ಚೆನ್ನಾಗಿ ಬಂತು, ನನ್ನ ಕಣ್ಣಲ್ಲೇ ನೀರು ಬಂತು.

ಇವರಿಗೆ ಕೊಟ್ಟೆ. ಈಗ ಅವರೇ ಓದಿಕೊಳ್ಳುತ್ತಾರೆ. ಓದಿ ಮಡಚಿ ನನ್ನ ಕೈಗೇ ಕೊಟ್ಟರು.

“ಹೇಗಿದೆ?”

“ಚೆನ್ನಾಗಿದೆ. ಅವರಿಗೆ ಕೊಡಬೇಡ.”

ಹರಿದು ಹಾಕಿದೆ.

ಆಗಸ್ಟ್ 18, ಭಾನುವಾರ

ಇವರೂ ಬಂದರು ಜೊತೆಗೆ. ಎರಡನೆಯ ಮಹಡಿಯ ಮನೆ, ಚಿಕ್ಕ ಹಜಾರ. ನೆಲಕ್ಕೆಲ್ಲ ಚಾಪೆ ಹಾಸಿ ಹನ್ನೆರಡು ಜನ ಕೂತಿದ್ದರು, ಪತ್ರ ಬರೆದ ಕಂಡಕ್ಟರ್, ಅವಳ ಗಂಡ, ಮಕ್ಕಳು, ಅಣ್ಣನ ಮನೆಯವರು. ಒಂದೇ ಕುರ್ಚಿ. ಅದರಲ್ಲಿ ಚಿಕ್ಕಮ್ಮ, ಎಪ್ಪತ್ತರ ಸುಮಾರು, ಕಾಲು ನೆಲಕ್ಕೆ ತಾಗದಷ್ಟು ಪುಟ್ಟ ಆಳು. ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ತೋಳಿನ ಮೇಲೆಲ್ಲ ಕಿಡಿ ಸುಟ್ಟ ಚುಕ್ಕೆಗಳು. “ಕೂತ್ಕೊಳಿ” ಅಂದರೂ ಕೂರಲಿಲ್ಲ.

ನಾನು ಎದ್ದು ನಿಂತೆ. ಶುರು ಮಾಡುವ ಕ್ರಮ ನನಗೆ ಒಂದೇ ಗೊತ್ತು.

“ನಿಮಗೆ ಬಂದ ಕಥೆಗಳನ್ನ ಮೊದಲು ಹೇಳಿದ್ದು ಒಂದು ಯಂತ್ರ. ಮೊದಲನೇದನ್ನ ಹೇಳಿದ್ದು ಹೋದ ತಿಂಗಳು ಒಂಬತ್ತನೇ ತಾರೀಖು. ಆವಾಗ ನಾನು ಕಣ್ಣಾಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಓದದೇ ಒಪ್ಪಿಗೆ ಒತ್ತಿದೆ. ಎಡಗೈಯಲ್ಲಿ ಹೊಲಿಯೋ ಹೆಂಗಸು ಅಂತ ಅದು ಸುಮ್ಮನೆ ಬರೀತು. ನಿಮ್ಮ ತಾಯಿ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಪತ್ರ ಬಂದಾಗ ಅದು ಸುಳ್ಳು ಪತ್ರ ಅಂತ ನಾನೇ ಅನುಮಾನ ಪಟ್ಟೆ. ಅದಕ್ಕೇ ಉತ್ತರಾನೂ ಯಂತ್ರದ ಕೈಲಿ ಬರೆಸಿದೆ. ಮಕ್ಕಳನ್ನ ಸುತ್ತ ಕೂರಿಸ್ಕೊಂಡಿದ್ದು, ಕಿಟಕಿ ಬೆಳಕು, ಎಲ್ಲ ಸುಳ್ಳು. ತಪ್ಪು ನನ್ನದು.”

ತಂಗಿ ತೊಡೆಯ ಮೇಲಿದ್ದ ಕಾಗದಗಳನ್ನು ಮಡಚಿದಳು, ಮತ್ತೆ ಬಿಚ್ಚಿದಳು. ನನ್ನ ಮುಖ ನೋಡಲಿಲ್ಲ. ಅದನ್ನು ಮರೆಯಲಾರೆ.

ಅಣ್ಣ ಕೇಳಿದ, ದನಿ ಬಹಳ ತಗ್ಗಿಸಿ. “ಅಂದ್ರೆ ಅಮ್ಮ ಬೇರೆ ಮಕ್ಕಳಿಗೂ ಹೇಳಲಿಲ್ಲ?”

“ನನಗೆ ಗೊತ್ತಿಲ್ಲಪ್ಪ. ನಾನು ಹೇಳಿದ್ದಕ್ಕೆ ಸಾಕ್ಷಿ ಇಲ್ಲ.”

ಅವನು ಅಲ್ಲೇ ಬಾಗಿಲ ಬುಡದಲ್ಲಿ ಕುಸಿದು ಕೂತ. ಸಮಾಧಾನವೋ ಸಂಕಟವೋ ಹೇಳಲಾರೆ. ಈ ಸಲ ಊಹೆ ಮಾಡುವುದಿಲ್ಲ.

ಆಗ ಕುರ್ಚಿಯಿಂದ ಚಿಕ್ಕಮ್ಮನ ದನಿ ಎದ್ದಿತು. “ನನಗೆ ಆವತ್ತೇ ಅನುಮಾನ ಬಂದಿತ್ತು. ಇವಳು ಓದಿ ಹೇಳಿದ್ಲಲ್ಲ ಫೋನಲ್ಲಿ. ನಾಲ್ಕು ಕಥೆ, ನಾಲ್ಕರಲ್ಲೂ ಒಂದೇ ಒಂದು ಬೈಗುಳ ಇಲ್ಲ! ನಮ್ಮಕ್ಕ ಅಷ್ಟು ಒಳ್ಳೆಯವಳಾಗಿರಲಿಲ್ಲ ಕಣ್ರೇ. ಎಡಗೈ ಒಂದು ನಿಜ. ಮಿಕ್ಕಿದ್ದೆಲ್ಲ ಯಾರೋ ಪುಣ್ಯಾತ್ಗಿತ್ತಿ.”

ಒಬ್ಬ ಹುಡುಗಿ ಕಿಸಕ್ಕೆಂದಳು. ಅಣ್ಣ ತಲೆ ಎತ್ತಿದ. “ನಿನಗೆ ಅನುಮಾನ ಬಂದಿದ್ರೆ ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?”

“ನೀವು ಕೇಳಿದ್ರೇನೋ? ಊಟ ಆಯ್ತಾ, ಮಂಡಿ ನೋವು ಹೇಗಿದೆ, ಇದನ್ನ ಬಿಟ್ಟು ಈ ಮೂವತ್ತೈದು ವರ್ಷದಲ್ಲಿ ನನ್ನ ಏನು ಕೇಳಿದ್ದೀರಾ? ಅಮ್ಮ ಮಾತಾಡ್ತಿರಲಿಲ್ಲ ಅಂತ ನಿಮ್ಮ ನಿಮ್ಮಲ್ಲೇ ಅಂದ್ಕೊಂಡ್ರಿ. ನಾನು ಪಕ್ಕದ ನೂಲಿನ ಗಿರಣೀಲಿದ್ದೆ. ದಿನಾ ಸಂಜೆ ಅಕ್ಕ ತಂಗಿ ಇಬ್ಬರೂ ಮುಕ್ಕಾಲು ಗಂಟೆ ನಡ್ಕೊಂಡು ಬರ್ತಿದ್ವಿ. ಅಷ್ಟು ದಾರೀನೂ ಅವಳ ಬಾಯಿ ಮುಚ್ತಿರಲಿಲ್ಲ. ಬೆಳಿಗ್ಗೆ ನೀವು ಮಾಡಿದ್ದೇ ಕಥೆ. ಇವಳು ಬಳಪ ತಿಂದಿದ್ದು, ನೀನು ಬೆಕ್ಕಿಗೆ ನಿನ್ನ ಚಡ್ಡಿ ಹಾಕಿದ್ದು. ನಡ್ಯೋದು ನಿಲ್ಲಿಸಿ, ರಸ್ತೆ ಮಧ್ಯೆ ಕುಣಿದು ತೋರಿಸೋಳು. ಅಲ್ಲೇ ಬಾಯೆಲ್ಲಾ ಖಾಲಿ ಆಗ್ತಿತ್ತು. ಮನೆಗೆ ಬರೋವಾಗ ಸುಸ್ತು.”

“ನಮಗ್ಯಾಕೆ ಹೇಳ್ಲಿಲ್ಲ?” ಅಂದಳು ತಂಗಿ.

“ನಿಮ್ಮದೇ ಕಥೇನ ನಿಮಗೇ ಏನೇ ಹೇಳೋದು?” ಚಿಕ್ಕಮ್ಮ ಅಣ್ಣನ ಕಡೆ ಬೆರಳು ತೋರಿಸಿದರು. “ಇವನಿದಾನಲ್ಲ, ಆರು ವರ್ಷ ಇದ್ದಾಗ, ಅವಳು ಕೆಲಸಕ್ಕೆ ಹೋಗಬಾರ್ದು ಅಂತ ದಿನಾ ಅವಳ ಚಪ್ಪಲಿ ಬಚ್ಚಿಡೋನು. ಅಕ್ಕಿ ಡಬ್ಬದಲ್ಲಿ ಒಂದ್ಸಲ, ಚಾವಣಿ ಮೇಲೊಂದ್ಸಲ. ಬೈಕೊಂಡು ಬೈಕೊಂಡು ಹುಡುಕೋಳು. ‘ಸಿಗದೇ ಇದ್ರೆ ಚೆನ್ನಾಗಿತ್ತು ಕಣೇ’ ಅನ್ನೋಳು ನನ್ನ ಹತ್ರ. ಒಂದು ದಿನ ಬರಿಗಾಲಲ್ಲೇ ಬಂದ್ಲು. ಹುಡುಕಿದ್ರೆ ಸಿಗ್ತಿತ್ತಂತೆ. ಅವನು ಗೆಲ್ಲಲಿ ಅಂತ ಹುಡುಕಲಿಲ್ಲವಂತೆ.”

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಂಗಿ ಎದ್ದು ಹೋಗಿ ಅವನ ಪಕ್ಕ ಕೂತಳು.

ನಾವು ಸದ್ದಿಲ್ಲದೆ ಹೊರಟೆವು. ಮೆಟ್ಟಿಲವರೆಗೆ ತಂಗಿ ಬಂದಳು. ಕ್ಷಮಿಸು ಅಂದೆ. “ಇನ್ನೂ ಕೋಪ ಇದೆ ಅಕ್ಕ” ಅಂದಳು. “ಇರಲಿ” ಅಂದೆ. ಆದರೂ ಕೆಳಗಿನವರೆಗೂ ಬಂದಳು.

ಆಗಸ್ಟ್ 19, ಸೋಮವಾರ

ಮನೆಯಲ್ಲೇ ಕೂತು ಈ ವಾರದ ಚೀಟಿ ಬರೆದೆ. ಆಸ್ಪತ್ರೆ ಬೆಂಚಿನ ನಾಲ್ಕೂ ಕಥೆಗಳಿಗೆ, ಅವುಗಳ ನಂತರ ಹೋದವಕ್ಕೆ, ಹೇಳಿದವರಿಲ್ಲ ಎಂದು. ಒಪ್ಪಿದವಳು ನಾನು ಎಂದು. ಸೊಸೆ ಮೇಡಂ ಕೈಗೆ ಕೊಟ್ಟೆ. ಎರಡು ಸಲ ಓದಿದರು. “ಇದನ್ನ ಕಳಿಸಿದ್ರೆ ಎಷ್ಟು ಜನ ಬಿಟ್ಟು ಹೋಗ್ತಾರೆ ಗೊತ್ತಾ?” ಅಂದರು. ಗೊತ್ತಿಲ್ಲ ಅಂದೆ. ಇನ್ನೂ ಕಳಿಸಿಲ್ಲ, ಹರಿದೂ ಇಲ್ಲ. ಮೇಜಿನ ಮೇಲೆ ಮಗುಚಿ ಇಟ್ಟಿದ್ದಾರೆ. ಅವರು ಏನು ಯೋಚಿಸುತ್ತಿದ್ದಾರೆ ಅಂತ ನಾನು ಮುಖ ನೋಡಲಿಲ್ಲ. ನಾಳೆ ಬಾಯಿಬಿಟ್ಟು ಕೇಳುತ್ತೇನೆ.

ಬಾಯಿಬಡಕ ಇವತ್ತು ದಿಂಬು ಒಗೆಯುವ ಬಗ್ಗೆ ಒಂಬತ್ತು ಜನರಿಗೆ ಉತ್ತರ ಕೊಟ್ಟಿತು. ಒಂಬತ್ತನ್ನೂ ಓದಿಯೇ ಒತ್ತಿದೆ.

ಊಟದ ಹೊತ್ತಿಗೆ ಆ ಕಂಡಕ್ಟರ್‌ದೇ ಫೋನ್ ಬಂತು. ಹಿಂದೆ ಗದ್ದಲವೋ ಗದ್ದಲ. ತಾತನ ಪಕ್ಕ ಕೂತು ಕೇಳಿಸಿಕೊಂಡೆ, ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಚಿಕ್ಕಮ್ಮನ ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಮಾಡಿದ್ದು ಇಷ್ಟು. ತಂಗಿ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಬೆಳಗಿನ ಮೊದಲ ಬಸ್ಸಿಗೆ ಹೋಗಲಿಲ್ಲ. ಮಕ್ಕಳು ಶಾಲೆಗೆ ಹೋಗಲಿಲ್ಲ. ಎಂಟು ಗಂಟೆಯ ಗಾಡಿಗೆ ಊರಿಗೆ ಹೊರಟಿದ್ದ ಚಿಕ್ಕಮ್ಮ ಚೀಲ ಹಿಡಿದು ಬಾಗಿಲಿಗೆ ಬಂದರು, ಬೈಯುತ್ತಾ ಮನೆಯೆಲ್ಲಾ ಹುಡುಕಿದರು. ಚಪ್ಪಲಿ ಎಲ್ಲೂ ಸಿಗಲಿಲ್ಲ. ಅಣ್ಣ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ತನಗೇನೂ ಗೊತ್ತಿಲ್ಲ ಅನ್ನುತ್ತಿದ್ದ.